ನಿಮಗಿದು ಗೊತ್ತೆ? ಕನ್ನಡಿ ಹಿಡಿದು ಬಿಸಿಲು ತರಿಸಿಕೊಂಡ ಊರು

ಇಟಲಿಯ ಉತ್ತರದಲ್ಲಿ, ಸ್ವಿಟ್ಜರ್ಲೆಂಡ್ ಗಡಿಗೆ ಹತ್ತಿರದ ಅಂತ್ರೋನಾ ಕಣಿವೆಯಲ್ಲಿ ವಿಗನೆಲ್ಲಾ ಎಂಬ ಪುಟ್ಟ ಊರಿದೆ. ಇನ್ನೂರು ಜನರೂ ಇಲ್ಲದ ಊರು. ಚಳಿಗಾಲದಲ್ಲಿ ಸೂರ್ಯ ತೀರ ತಗ್ಗಿನಲ್ಲೇ ಸಾಗುವುದರಿಂದ ಆಲ್ಪ್ಸ್‌ನ ಕಡಿದಾದ ಬೆಟ್ಟ ಅವನನ್ನು ಪೂರ್ತಿ ಮರೆಮಾಡಿಬಿಡುತ್ತದೆ. ನವೆಂಬರ್ 11ಕ್ಕೆ ಮಾಯವಾದ ಬಿಸಿಲು ಮತ್ತೆ ಊರಿಗೆ ಬೀಳುವುದು ಫೆಬ್ರವರಿ 2ಕ್ಕೆ. ಅಂದು ಊರಿಗೇ ಹಬ್ಬ!

ಶತಮಾನಗಳಿಂದ ಹೀಗೇ ನಡೆದಿತ್ತು.

ವಾಸ್ತುಶಿಲ್ಪಿ ಜಾಕೊಮೊ ಬೊನ್ಜಾನಿ ಇಲ್ಲಿನ ಚರ್ಚಿನ ಗೋಡೆಗೊಂದು ನೆರಳು ಗಡಿಯಾರ ಮಾಡಿಕೊಡಲು ಮುಂದಾದಾಗ, ಆಗಿನ ಮೇಯರ್ ಪಿಯೆರ್‌ಫ್ರಾಂಕೊ ಮಿದಾಲಿ ಅದಕ್ಕಿಂತ ದೊಡ್ಡದನ್ನೇ ಕೇಳಿದರು: ಚಳಿಗಾಲದಲ್ಲೂ ಊರಿನ ಚೌಕಕ್ಕೆ ಬಿಸಿಲು ಬೇಕು. ಎದುರಿನ ಬೆಟ್ಟದ ಮೇಲೆ, ಬಿಸಿಲು ತಾಗುವ ಎತ್ತರದಲ್ಲಿ 8 ಮೀಟರ್ ಅಗಲ, 5 ಮೀಟರ್ ಎತ್ತರದ ಉಕ್ಕಿನ ಕನ್ನಡಿ ನಿಂತಿತು. 2006ರ ಡಿಸೆಂಬರ್‌ನಲ್ಲಿ ಅದು ಕೆಲಸ ಶುರುಮಾಡಿತು. ಸೂರ್ಯ ಸರಿದಂತೆಲ್ಲ ಕಂಪ್ಯೂಟರ್ ಈ ಕನ್ನಡಿಯನ್ನು ತಿರುಗಿಸುತ್ತ ಹೋಗುತ್ತದೆ. ಬೆಳಕು ಮಾತ್ರ ಚರ್ಚಿನ ಮುಂದಿನ ಚೌಕ ಬಿಟ್ಟು ಕದಲುವುದಿಲ್ಲ. ಮನೆಮನೆಗೂ ಬಿಸಿಲು ಹಂಚುವಷ್ಟು ದೊಡ್ಡದಲ್ಲ ಈ ಕನ್ನಡಿ. ಆದರೆ ನೆರೆಹೊರೆಯವರು ಹೊರಬಂದು, ಬಿಸಿಲಿಗೆ ಮುಖ ಕೊಟ್ಟು ನಾಲ್ಕು ಮಾತಾಡಲು ಒಂದು ಜಾಗವಾಯಿತಲ್ಲ, ಅದೇ ಇದರ ನಿಜವಾದ ಗಳಿಕೆ.

2016ರಲ್ಲಿ ವಿಗನೆಲ್ಲಾ ಪಕ್ಕದ ಸೆಪ್ಪಿಯಾನಾದೊಡನೆ ಸೇರಿ ಬೋರ್ಗೊಮೆಜ್ಜವಲ್ಲೆ ಎಂಬ ಒಂದೇ ಪುರಸಭೆಯಾಯಿತು. ಅದಕ್ಕೂ ಮೊದಲೇ, 2013ರಲ್ಲಿ, ಇಂಥದೇ ಕತ್ತಲೆ ಕಣಿವೆಯಲ್ಲಿರುವ ನಾರ್ವೆಯ ರ್‍ಯೂಕನ್ ಪಟ್ಟಣವೂ ಬೆಟ್ಟದ ಮೇಲೆ ಮೂರು ಕನ್ನಡಿಗಳನ್ನು ನಿಲ್ಲಿಸಿ ತನ್ನ ಚೌಕಕ್ಕೆ ಬಿಸಿಲು ಬೀಳಿಸಿಕೊಂಡಿತು.