ಚೌಕಟ್ಟು ಹಾಗೇ ಇರಲಿ, ಕದ ಬದಲಾಗಲಿ

ನಿಮ್ಮ ಮನೆಯ ಬಚ್ಚಲ ಬಾಗಿಲು ಮಳೆಗಾಲ ಬಂದೊಡನೆ ಮುನಿಸಿಕೊಳ್ಳುತ್ತದೆಯೇ? ಒಂದು ಗುದ್ದು ಕೊಟ್ಟರೆ ಮುಚ್ಚುತ್ತದೆ, ಎರಡು ಕೊಟ್ಟರೆ ತೆರೆಯುತ್ತದೆ, ಅಲ್ಲವೇ? "ಮರ ಅಂದ್ಮೇಲೆ ಉಬ್ಬುತ್ತೆ, ಬೇಸಿಗೆ ಬಂದ್ರೆ ಸರಿ ಹೋಗುತ್ತೆ ಬಿಡಿ" ಎಂದು ನಾವೆಲ್ಲ ಸುಮ್ಮನಾಗುತ್ತೇವೆ. ನಾನೂ ಹಾಗೆ ಮೂರು ವರ್ಷ ಸುಮ್ಮನಿದ್ದವಳೇ.

ಕಳೆದ ಆಷಾಢದ ಒಂದು ಬೆಳಗ್ಗೆ ನಮ್ಮ ಅತ್ತೆಯವರು ಸ್ನಾನಕ್ಕೆ ಹೋದರು. ವಯಸ್ಸು 78. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕ್ಷೀಣ ದನಿ: "ಚಿಲಕ ತೆಗೆದಿದೀನಿ ಕಣೇ, ಬಾಗಿಲೇ ಬರ್ತಿಲ್ಲ." ನಾನು ಹೊರಗಿನಿಂದ ತಳ್ಳಿದೆ, ಅಲುಗಲಿಲ್ಲ. ಮನೆಯಲ್ಲಿ ಗಂಡಸರಿಲ್ಲ. "ಅತ್ತೆ, ಗಾಬರಿಯಾಗ್ಬೇಡಿ, ಗೋಡೆ ಹಿಡ್ಕೊಂಡು ಆ ಕಡೆ ಸರಿದು ನಿಂತ್ಕೊಳ್ಳಿ" ಎಂದು ಹೇಳಿ ಪಕ್ಕದ ಮನೆಯ ಹುಡುಗನನ್ನು ಕರೆತಂದೆ. ಅವನು ಭುಜ ಕೊಟ್ಟು ತಳ್ಳಿದ ಮೇಲೆ ಬಾಗಿಲು ತೆರೆಯಿತು. ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಅವರನ್ನು ಕಂಡು ನನಗೆ ನಾಚಿಕೆಯಾಯಿತು. ಅವರೇನಾದರೂ ಜಾರಿ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದರೆ?

ಕಾರಣ ಎಲ್ಲಿದೆ?

ಮರುದಿನ ಬಂದ ಆಚಾರರು ಕದ ಕಳಚಿ ಅದರ ತಳ ತೋರಿಸಿದರು. "ನೋಡ್ರಮ್ಮ, ಇಲ್ಲಿ ಬಣ್ಣಾನೇ ಬಳಿದಿಲ್ಲ. ಇಷ್ಟು ವರ್ಷ ನೀರು ಕುಡೀತಾ ಕೂತಿದೆ!" ನಿಜ. ಕದ ಕೂರಿಸಿದ ಮೇಲೆ ಬಣ್ಣದವನ ಕುಂಚ ತಳಕ್ಕೆ ಹೋಗುವುದಿಲ್ಲ. ಅಲ್ಲಿಂದ ನೀರು ಏರಿ ಪ್ಲೈವುಡ್ಡಿನ ಪದರಗಳು ಬಿಚ್ಚಿಕೊಳ್ಳುತ್ತವೆ. ಪ್ರತಿ ಮಳೆಗಾಲದಲ್ಲೂ ಅಂಚು ಕೀಸಿಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ, ಮುಂದಿನ ಮಳೆಗೆ ಮತ್ತದೇ ಗೋಳು. ಪದರ ಬಿಚ್ಚಿದ ಕದವನ್ನು ಬದಲಿಸುವುದೇ ಲೇಸು. ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಕೀಳಬೇಕಿಲ್ಲ, ಗೋಡೆ ಒಡೆಯಬೇಕಿಲ್ಲ.

ಅಳತೆ ನೀವೇ ತೆಗೆಯಿರಿ

ಹಳೆಯ ಕದವನ್ನು ಅಳೆಯಬೇಡಿ, ಅದನ್ನು ಎಷ್ಟು ಸಲ ಕೀಸಿದ್ದಾರೋ! ಚೌಕಟ್ಟಿನಲ್ಲಿ ಕದ ಕೂರುವ ಜಾಗವನ್ನೇ ಅಳೆಯಿರಿ. ಅಗಲವನ್ನು ಮೇಲೆ, ನಡುವೆ, ಕೆಳಗೆ. ಎತ್ತರವನ್ನು ಎಡಕ್ಕೆ, ಬಲಕ್ಕೆ. ಎಲ್ಲಕ್ಕಿಂತ ಕಡಿಮೆ ಬಂದದ್ದನ್ನೇ ಹಿಡಿಯಿರಿ. ಅದರಲ್ಲಿ ಎರಡು ಪಕ್ಕಕ್ಕೂ ಮೇಲಕ್ಕೂ ತಲಾ 3 ಮಿಲಿಮೀಟರ್, ಬಚ್ಚಲಾದರೆ ಕೆಳಗೆ ಸುಮಾರು 10 ಮಿಲಿಮೀಟರ್ ಸಂದು ಬಿಡಿ. ಮೂಲೆಯಿಂದ ಮೂಲೆಗೂ ಟೇಪು ಹಿಡಿದು ನೋಡಿ. ಎರಡೂ ಅಳತೆ ಒಂದೇ ಬರದಿದ್ದರೆ ಚೌಕಟ್ಟು ಓರೆಯಾಗಿದೆ ಎಂದರ್ಥ. ಆಚಾರರಿಗೆ ಮೊದಲೇ ತಿಳಿಸಿ. ಕದದ ದಪ್ಪವನ್ನೂ ಬರೆದುಕೊಳ್ಳಿ.

ಯಾವ ಕದ ತರಲಿ?

ಕೋಣೆಗಳಿಗೆ ಫ್ಲಶ್ ಡೋರ್ ಸಾಕು. ಐಎಸ್‌ಐ ಗುರುತಿನ ಜೊತೆಗೆ ಐಎಸ್ 2202 ಎಂಬ ಸಂಖ್ಯೆ ಇದೆಯೇ ನೋಡಿ. ಅಳತೆಗೆ ಹತ್ತಿರದ್ದನ್ನೇ ಆರಿಸಿ. ಅದರ ಅಂಚಿನ ಗಟ್ಟಿ ಮರದ ಪಟ್ಟಿ ಕಿರಿದು; ಹೆಚ್ಚು ಕತ್ತರಿಸಿದರೆ ತಿರುಪು ಮೊಳೆಗೆ ಹಿಡಿತವೇ ಇರುವುದಿಲ್ಲ. ಬಚ್ಚಲಿಗೆ ಪಿವಿಸಿ ಕದ ಹಗುರ, ನೀರಿಗೆ ಹೆದರದು, ಆದರೆ ಒರಟು ಕೈಗೆ ಬಾಳದು. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ಕದ ಗಟ್ಟಿ. ನೀರಿಗೂ ಗೆದ್ದಲಿಗೂ ಜಗ್ಗದು. ನಾವು ಆರಿಸಿದ್ದು ಇದನ್ನೇ. ಮರದ ಕದವೇ ಬೇಕೆಂದರೆ, ಕೂರಿಸುವ ಮೊದಲೇ ತಳಕ್ಕೂ ತಲೆಗೂ ಎರಡು ಕೈ ಬಣ್ಣ ಹೊಡೆಸಿ. ಒಳಬದಿಯ ಕೆಳಭಾಗಕ್ಕೆ ಒಂದು ಅಡಿ ಎತ್ತರ ಅಲ್ಯೂಮಿನಿಯಂ ತಗಡು ಹೊಡೆಸಿ.

ಕೂರಿಸುವಾಗ ಪಕ್ಕದಲ್ಲೇ ಇರಿ

ಮರದ ಕದ 25 ಕೆ.ಜಿ.ಗೂ ಮೇಲೆ ತೂಗಬಹುದು. ಒಬ್ಬರೇ ಎತ್ತುವ ಸಾಹಸ ಬೇಡ. ತೆಳು ಚಕ್ಕೆಗಳ ಮೇಲೆ ಹೊಸ ಕದವನ್ನು ಚೌಕಟ್ಟಿನೊಳಗೆ ನಿಲ್ಲಿಸಿ, ಹಳೆಯ ಹಿಂಜಸ್ ಇದ್ದ ಜಾಗಕ್ಕೇ ಗುರುತು ಮಾಡಿಸಿ. ಏಳಡಿ ಕದಕ್ಕೆ ಮೂರು ಹಿಂಜಸ್ ಇರಲಿ, ಬಚ್ಚಲಿಗೆ ಸ್ಟೀಲಿನವೇ ಆಗಲಿ. ಚೌಕಟ್ಟಿನ ಹಳೆಯ ತೂತು ಸಡಿಲವಾಗಿದ್ದರೆ ಮದ್ದು ತೆಗೆದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತುಂಬಿಸಿ. ಒಂದು ರಾತ್ರಿ ಒಣಗಿದ ಮೇಲೆ ತಿರುಪು ಬಿಗಿಸಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಮರದ ಕದ ಕೂರಿಸಿದರೆ ಮಳೆಗಾಲದ ಉಬ್ಬಿಗೂ ಜಾಗ ಬಿಡಿಸುವುದನ್ನು ಮರೆಯಬೇಡಿ.

ಚಿಲಕದ ಮಾತು

ಮನೆಯಲ್ಲಿ ಹಿರಿಯರೋ ಪುಟ್ಟ ಮಕ್ಕಳೋ ಇದ್ದರೆ ಬಚ್ಚಲಿಗೆ ಹಳೆಯ ಕಬ್ಬಿಣದ ಚಿಲಕ ಬೇಡ. ಅಗತ್ಯ ಬಿದ್ದಾಗ ಹೊರಗಿನಿಂದ ನಾಣ್ಯವಿಟ್ಟು ತಿರುಗಿಸಿ ತೆರೆಯಬಹುದಾದ ಚಿಲಕ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತನ್ನಿ. ಹೊರಕ್ಕೆ ತೆರೆಯುವ ಕದ ಇನ್ನೂ ಕ್ಷೇಮ, ಯಾರಾದರೂ ಒಳಗೆ ಬಿದ್ದರೂ ಅಡ್ಡವಾಗದು. ಆದರೆ ಅದಕ್ಕೆ ಚೌಕಟ್ಟಿನಲ್ಲೂ ಕೆಲಸವಿದೆ. ಆಚಾರರನ್ನು ಕೇಳಿ ನೋಡಿ.

ನಮ್ಮ ಮನೆಯಲ್ಲಿ ಹೊಸ ಕದ ಬಂದು ಒಂದು ಮಳೆಗಾಲ ಕಳೆಯಿತು. ಒಂದೇ ಬೆರಳಲ್ಲಿ ತೆರೆಯುತ್ತದೆ. ಆದರೂ ಅತ್ತೆ ಸ್ನಾನಕ್ಕೆ ಹೊರಟಾಗ ಒಮ್ಮೆ ತಿರುಗಿ ಕೇಳುತ್ತಾರೆ: "ನಾಣ್ಯ ಎಲ್ಲಿಟ್ಟಿದೀಯೇ?" ಬಾಗಿಲ ಪಕ್ಕದ ಗೂಡಿನಲ್ಲಿ ಇದೆ. ನೀವೂ ಒಂದು ಇಟ್ಟುಕೊಳ್ಳಿ.