ನಗೆ ಅನಿಲ ಕುಡಿದ ಕಾರು. ಅಳುವ ಪಾಳಿ ಮಾಲೀಕನದು

ಕಾರಿಗೆ ಗ್ಯಾಸ್ ಅಂದರೆ ಜನಸಾಮಾನ್ಯರಿಗೆ ಗೊತ್ತಿರುವುದು ಎರಡೇ. ಒಂದು ಎಲ್‌ಪಿಜಿ, ಇನ್ನೊಂದು ಸಿಎನ್‌ಜಿ. ಎರಡೂ ಖರ್ಚು ಉಳಿಸುವ ಗ್ಯಾಸು. ಆದರೆ ಕಾರಿನ ಹುಚ್ಚು ಹಿಡಿದ ಹುಡುಗರು ಗ್ಯಾರೇಜಿನ ಬಾಗಿಲಲ್ಲಿ ನಿಂತು ವಿಚಾರಿಸುವ ಗ್ಯಾಸ್ ಮೂರನೆಯದು. ಅದು ಖರ್ಚು ಉಳಿಸುವುದಲ್ಲ, ಬೆಳೆಸುವುದು. ಹೆಸರು ನೈಟ್ರಸ್ ಆಕ್ಸೈಡ್. ಹುಡುಗರ ಬಾಯಲ್ಲಿ ‘ನಾಸ್’.

ಬಟನ್ ಒತ್ತಿದ್ರೆ ಗಾಡಿ ಹಾರುತ್ತಂತೆ ಎಂಬ ಮಾತಿದೆ. ಹಾರುವುದು ನಿಜ. ಹಾರುವುದು ಗಾಡಿಯೋ, ಪಿಸ್ಟನ್ನೋ ಎಂಬುದಷ್ಟೇ ಪ್ರಶ್ನೆ!

ಆಸ್ಪತ್ರೆಯಿಂದ ರೇಸಿಗೆ

ಇದೇನೂ ಹೊಸ ಸರಕಲ್ಲ. 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಕಂಡುಹಿಡಿದ ಅನಿಲ. ಮೂಸಿದವರು ಸುಮ್ಮಸುಮ್ಮನೆ ನಗುತ್ತಿದ್ದುದರಿಂದ ‘ನಗೆ ಅನಿಲ’ ಎಂದು ಹೆಸರಾಯಿತು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಸೇದಿ ತನ್ನ ಹಲ್ಲನ್ನೇ ಕೀಳಿಸಿಕೊಂಡು ನೋಡಿದ. ಇಂದಿಗೂ ಆಪರೇಷನ್ ಥಿಯೇಟರಿನ ನೀಲಿ ಸಿಲಿಂಡರಿನಲ್ಲಿ ಇರುವುದು ಇದೇ.

ಎಂಜಿನ್ನಿಗೆ ಇದರ ರುಚಿ ಹತ್ತಿಸಿದ್ದು ಎರಡನೇ ಮಹಾಯುದ್ಧ. ಆಕಾಶದ ಎತ್ತರದಲ್ಲಿ ಗಾಳಿ ತೆಳುವಾಗಿ ವಿಮಾನದ ಎಂಜಿನ್ ಏದುಸಿರು ಬಿಡುವಾಗ ಜರ್ಮನರು ಈ ಅನಿಲ ಹಾಯಿಸಿ ಬಲ ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೆ ವಿದ್ಯೆ ಅಮೆರಿಕದ ರೇಸ್ ಹುಚ್ಚರ ಕೈಗೆ ಬಂತು. ನೆಟ್ಟಗಿನ ರಸ್ತೆಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್ ಓಡುವ ಡ್ರ್ಯಾಗ್ ರೇಸಿಗೆ ಹೇಳಿ ಮಾಡಿಸಿದ ಮದ್ದು ಇದಾಯಿತು. 1976ರಲ್ಲಿ ಡೇಟೋನಾದ ದೊಡ್ಡ ರೇಸಿನಲ್ಲಿ ಇದೇ ಗ್ಯಾಸಿನ ಗಲಾಟೆಗೆ ಮುಂಚೂಣಿ ಕಾರುಗಳ ಅರ್ಹತಾ ಸಮಯವೇ ರದ್ದಾಯಿತು. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎನ್‌ಒಎಸ್ ಕಂಪನಿ ಶುರುವಾಗಿ ಕಿಟ್ ಅಂಗಡಿಗೆ ಬಂತು. 2001ರಲ್ಲಿ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಸಿನಿಮಾ ಬಂದ ಮೇಲಂತೂ ಲೋಕದ ಹುಡುಗರಿಗೆಲ್ಲ ‘ನಾಸ್’ ಮಂತ್ರವಾಯಿತು.

ಉರಿಯುವುದಲ್ಲ, ಉರಿಸುವುದು

ಸಿನಿಮಾ ನೋಡಿದವರ ಮೊದಲ ತಪ್ಪು ಎಂದರೆ ಈ ಗ್ಯಾಸೇ ಉರಿಯುತ್ತದೆ ಅಂತ ತಿಳಿದಿರುವುದು. ಇಲ್ಲ ಸ್ವಾಮಿ. ಉರಿಯುವುದು ಪೆಟ್ರೋಲೇ. ಈ ಗ್ಯಾಸು ಆಮ್ಲಜನಕ ಹೊತ್ತು ತರುವ ಹಮಾಲಿ, ಅಷ್ಟೆ.

ನಾವು ಉಸಿರಾಡುವ ಗಾಳಿಯಲ್ಲಿ ತೂಕದ ಲೆಕ್ಕಕ್ಕೆ ಆಮ್ಲಜನಕ ಶೇ. 23. ನೈಟ್ರಸ್ ಆಕ್ಸೈಡಿನಲ್ಲಿ ಶೇ. 36. ಸುಮಾರು 300 ಡಿಗ್ರಿ ಶಾಖದಲ್ಲಿ ಅದು ಒಡೆಯತೊಡಗಿ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಹೆಚ್ಚು ಆಮ್ಲಜನಕ ಬಂದರೆ ಹೆಚ್ಚು ಪೆಟ್ರೋಲ್ ಸುಡಬಹುದು. ಹೆಚ್ಚು ಪೆಟ್ರೋಲ್ ಸುಟ್ಟರೆ ಹೆಚ್ಚು ಬಲ. ಜತೆಗೆ ಬಾಟಲಿಯಿಂದ ಹೊರಬೀಳುವಾಗ ಗ್ಯಾಸ್ ಮೈನಸ್ 88 ಡಿಗ್ರಿಯಷ್ಟು ತಣ್ಣಗಾಗಿ ಒಳಗೆ ಹೋಗುವ ಗಾಳಿಯನ್ನೂ ತಂಪು ಮಾಡುತ್ತದೆ. ತಂಪು ಗಾಳಿ ದಟ್ಟ ಗಾಳಿ; ಅದೂ ಲಾಭವೇ.

ಇಲ್ಲೇ ಇರುವುದು ಅಪಾಯ. ಗ್ಯಾಸ್ ಕಟಿಂಗ್ ಅಂಗಡಿ ಮುಂದೆ ಹಾದುಹೋದವರೆಲ್ಲ ನೋಡಿರುತ್ತಾರೆ. ಬೆಂಕಿ ಹಚ್ಚಿ ಕಬ್ಬಿಣ ಕಾಯಿಸಿ, ಆಮೇಲೆ ಆಕ್ಸಿಜನ್ನಿನ ಪಿಡಿ ಒತ್ತಿದರೆ ಸಾಕು, ಕಬ್ಬಿಣ ಬೆಣ್ಣೆಯ ಹಾಗೆ ಕತ್ತರಿಸುತ್ತದೆ. ಪೆಟ್ರೋಲ್ ಸಾಲದೆ ಗ್ಯಾಸ್ ಜಾಸ್ತಿಯಾದರೆ ಎಂಜಿನ್ನಿನ ಒಳಗೂ ಅದರ ತಮ್ಮನಂಥ ಬೆಂಕಿ ಏಳುತ್ತದೆ. ಪಿಸ್ಟನ್ನಾದರೋ ಅಲ್ಯೂಮಿನಿಯಮ್ಮಿನದು. ಅಪ್ಪಟ ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಪಿಸ್ಟನ್ ನೆತ್ತಿಯಲ್ಲಿ ತೂತು ಬೀಳುವುದಕ್ಕೆ ಕೆಲವೇ ಸೆಕೆಂಡು.

ಬಿಲ್ಲಿಲ್ಲದ ಮಾಲು

ಹಳೆಯ ಕಾರ್ಬ್ಯುರೇಟರ್ ಕಾರುಗಳ ಕಾಲ ಮುಗಿದು, 2000ದ ಸುಮಾರಿಗೆ ನಮ್ಮಲ್ಲಿ ಎಂಪಿಎಫ್‌ಐ ಕಾರುಗಳು ಬಂದವು. ಇವುಗಳಲ್ಲಿ ಒಂದು ಪುಟ್ಟ ಕಂಪ್ಯೂಟರ್ ಗುಮಾಸ್ತನಂತೆ ಕೂತಿರುತ್ತದೆ. ಹೆಬ್ಬಾಗಿಲಲ್ಲಿ ಸೆನ್ಸರ್ ಗಾಳಿಯ ಲೆಕ್ಕ ಬರೆಯುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಆ ಲೆಕ್ಕ ಇಟ್ಟುಕೊಂಡು ಇಂಜೆಕ್ಟರು ಪೆಟ್ರೋಲ್ ಚಿಮುಕಿಸುತ್ತದೆ.

ನೈಟ್ರಸ್ ಬರುವುದು ಹಿತ್ತಿಲ ಬಾಗಿಲಿನಿಂದ. ಗುಮಾಸ್ತನ ಪುಸ್ತಕದಲ್ಲಿ ಅದಕ್ಕೆ ಬಿಲ್ಲೇ ಇಲ್ಲ! ಒಂದು ಕಿಲೋ ಪೆಟ್ರೋಲಿಗೆ ಈ ಗ್ಯಾಸ್ ಒಂಬತ್ತೂವರೆ ಕಿಲೋ ಚಿಲ್ಲರೆ ಸಾಕು. ಇಷ್ಟು ಆಮ್ಲಜನಕ ಬಂದರೂ ಕಂಪ್ಯೂಟರ್ ಹಳೆಯ ಲೆಕ್ಕದಂತೆಯೇ ಪೆಟ್ರೋಲ್ ಬಿಡುತ್ತಿರುತ್ತದೆ. ಹಾಗಾಗಿ ಕಿಟ್ ಆರಿಸುವುದು ಅಂದರೆ ಬಾಟಲಿ ಆರಿಸುವುದಲ್ಲ. ಹೆಚ್ಚುವರಿ ಪೆಟ್ರೋಲನ್ನು ಯಾರು, ಯಾವ ದಾರಿಯಲ್ಲಿ ಕೊಡುತ್ತಾರೆ ಎಂಬುದನ್ನು ಆರಿಸುವುದು.

ದಾರಿ ಮೂರು. ಒಂದು ‘ಡ್ರೈ’ ಕಿಟ್. ಇದು ಗ್ಯಾಸನ್ನು ಮಾತ್ರ ಬಿಡುತ್ತದೆ. ಪೆಟ್ರೋಲನ್ನು ಕಾರಿನ ಇಂಜೆಕ್ಟರುಗಳೇ ಹೆಚ್ಚು ಕೊಡಬೇಕು. ಅದಕ್ಕೆ ಕಂಪ್ಯೂಟರಿನ ಲೆಕ್ಕ ತಿದ್ದಬೇಕು, ಇಲ್ಲವೇ ಪೆಟ್ರೋಲಿನ ಒತ್ತಡ ಏರಿಸಬೇಕು. ಇಂಜೆಕ್ಟರು ಚಿಕ್ಕದಾದರೆ ಆಟ ಅಲ್ಲಿಗೇ ಮುಗಿಯಿತು.

ಎರಡು ‘ವೆಟ್’ ಕಿಟ್. ಗ್ಯಾಸೂ ಪೆಟ್ರೋಲೂ ಒಂದೇ ನಾಜಲ್ಲಿನಲ್ಲಿ ಬೆರೆತು ಬರುತ್ತವೆ. ಕೇಳಲು ಚೆಂದ. ಆದರೆ ಇಂಜೆಕ್ಷನ್ ಕಾರಿನ ಇನ್‌ಟೇಕ್ ಕೊಳವೆ ಮಾಡಿರುವುದು ಒಣ ಗಾಳಿಗೆ. ಪೆಟ್ರೋಲ್ ಅಲ್ಲಲ್ಲಿ ಹೊಂಡ ನಿಂತರೆ ಬ್ಯಾಕ್‌ಫೈರ್ ಆಗಿ ಇನ್‌ಟೇಕೇ ಸಿಡಿಯಬಹುದು.

ಮೂರು ‘ಡೈರೆಕ್ಟ್ ಪೋರ್ಟ್’. ಸಿಲಿಂಡರಿಗೊಂದು ನಾಜಲ್. ಎಲ್ಲರಿಗೂ ಸಮಪಾಲು. ಕೆಲಸ ಹೆಚ್ಚು, ಖರ್ಚೂ ಹೆಚ್ಚು. ಇದು ಪಕ್ಕಾ ರೇಸಿನವರ ದಾರಿ.

ಆಸೆಗೂ ಒಂದು ಅಳತೆ

ಎಷ್ಟು ಹಾಕಬೇಕು? ಕಂಪನಿಯಿಂದ ಬಂದ ಹಾಗೇ ಇರುವ ನಾಲ್ಕು ಸಿಲಿಂಡರ್ ಎಂಜಿನ್ನಿಗೆ 40ರಿಂದ 60 ಅಶ್ವಶಕ್ತಿ ಹೆಚ್ಚುವರಿ ಎಂಬುದು ಅಮೆರಿಕದ ಅನುಭವಿಗಳ ಸಾಮಾನ್ಯ ಮಿತಿ. ಅವರ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನುಗಳು ನೂರು, ನೂರಿಪ್ಪತ್ತೈದು ತಾಳುತ್ತವೆ ಅಂತ ನಮ್ಮ ಪುಟ್ಟ ಕಾರಿಗೂ ಅದೇ ಜೆಟ್ ಹಾಕಿದರೆ, ಆನೆ ಮೇವನ್ನು ಮೇಕೆಗೆ ತಿನ್ನಿಸಿದ ಹಾಗೆ.

ಪ್ರತಿ 50 ಅಶ್ವಶಕ್ತಿಗೆ ಕಿಡಿಯ ಟೈಮಿಂಗನ್ನು ಸುಮಾರು ಎರಡು ಡಿಗ್ರಿ ಹಿಂದಕ್ಕೆ ತರಬೇಕು. ಒಂದು ದರ್ಜೆ ‘ಕೋಲ್ಡ್’ ಪ್ಲಗ್ ಹಾಕಬೇಕು. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಗಟ್ಟಿಯಾಗಿದೆಯೇ ಎಂದು ಮೊದಲೇ ನೋಡಬೇಕು. ಮೈಕೋ ಪ್ಲಗ್ಗಿನ ಕಾಲದಿಂದಲೂ ನಮ್ಮ ಮೇಸ್ತ್ರಿಗಳು ಪ್ಲಗ್ ಬಿಚ್ಚಿ, ಬಣ್ಣ ನೋಡಿ ಎಂಜಿನ್ನಿನ ಯೋಗಕ್ಷೇಮ ಹೇಳಿದವರು. ಆ ವಿದ್ಯೆ ಇಲ್ಲೂ ಬೇಕು. ಪ್ಲಗ್ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ನಿಲ್ಲಿಸಿ ಎಂದೇ ಅರ್ಥ.

ಸ್ವಿಚ್ಚಿನ ವಿಷಯ. ಕೈಗೆ ಸಿಗುವ ಒಂದೇ ಬಟನ್ ನಂಬಿದವ ಕೆಟ್ಟ. ಎಕ್ಸಲರೇಟರ್ ಪೂರ್ತಿ ತುಳಿದಾಗ ಮಾತ್ರ ಗ್ಯಾಸ್ ಬಿಡುವ ಸ್ವಿಚ್ ಒಂದು. ಸುಮಾರು 3000 ಆರ್‌ಪಿಎಂ ದಾಟಿದ ಮೇಲೆ ಶುರುವಾಗಿ, ಎಂಜಿನ್ನಿನ ಗರಿಷ್ಠ ವೇಗಕ್ಕೆ ಮೊದಲೇ ನಿಲ್ಲಿಸುವ ಸ್ವಿಚ್ ಇನ್ನೊಂದು. ಪೆಟ್ರೋಲ್ ಒತ್ತಡ ಬಿದ್ದ ಕೂಡಲೇ ಗ್ಯಾಸ್ ಕತ್ತರಿಸುವ ಸ್ವಿಚ್ ಮತ್ತೊಂದು. ಮೂರೂ ಇರಬೇಕು. ಇಷ್ಟೆಲ್ಲ ಮಾಡಿದರೂ ನೂರು ಅಶ್ವಶಕ್ತಿ ಹತ್ತು ಸೆಕೆಂಡು ಬೇಕೆಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಗ್ಯಾಸ್ ಖಾಲಿ. ಸಾಮಾನ್ಯ ಬಾಟಲಿಯಲ್ಲಿ ಹಿಡಿಯುವುದೇ ನಾಲ್ಕೂವರೆ ಕಿಲೋ!

ಡಿಕ್ಕಿಯಲ್ಲಿ ಬಾಂಬು

ಕಾರಿನ ಟೈರಿಗೆ ಬಂಕಿನಲ್ಲಿ ತುಂಬಿಸುವ ಗಾಳಿ ಮೂವತ್ತು ಪೌಂಡು ಚಿಲ್ಲರೆ. ನೈಟ್ರಸ್ ಬಾಟಲಿಯ ಒಳಗಿನ ಒತ್ತಡ 900ರಿಂದ 950 ಪೌಂಡು. ಅದೂ 30 ಡಿಗ್ರಿಯೊಳಗಿನ ಹವೆಯಲ್ಲಿ. ಚಳಿ ದೇಶದವರು ಒತ್ತಡ ಸಾಲದೆಂದು ಬಾಟಲಿಗೆ ಕರೆಂಟಿನ ಹೀಟರ್ ಕಟ್ಟುತ್ತಾರೆ. ನಮ್ಮ ಪಾಡು ಉಲ್ಟಾ. 36.4 ಡಿಗ್ರಿ ದಾಟಿದರೆ ಈ ಅನಿಲ ದ್ರವರೂಪದಲ್ಲಿ ಇರುವುದೇ ಸಾಧ್ಯವಿಲ್ಲ. ಒತ್ತಡ ಸಾವಿರ ಮೀರಿ ಏರುತ್ತದೆ. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳ ಬಿಸಿಲೇ 40 ಡಿಗ್ರಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯ ಒಳಗೆ ಅದಕ್ಕಿಂತ ಹೆಚ್ಚು. ಬೆಳಿಗ್ಗೆ ತಂಪಿನಲ್ಲಿ ಹೊಂದಿಸಿದ ಲೆಕ್ಕ ಮಧ್ಯಾಹ್ನಕ್ಕೆ ತಪ್ಪಿರುತ್ತದೆ.

ಅದಕ್ಕೇ ಬಾಟಲಿಗೆ ಒತ್ತಡ ಮೀರಿದರೆ ಒಡೆಯುವ ಸುರಕ್ಷಾ ಬಿಲ್ಲೆ ಇರಬೇಕು. ಆ ಗ್ಯಾಸ್ ಕಾರಿನ ಹೊರಕ್ಕೆ ಹೋಗಲು ಕೊಳವೆ ಇರಬೇಕು. ಒಳಗೇ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ಬಾಟಲಿಗೆ ಬೆಂಕಿ ಹಿಡಿದು ಕಾಯಿಸುವುದಂತೂ ಯಮನಿಗೆ ಕಾಗದ ಬರೆದ ಹಾಗೆ.

ಇನ್ನೊಂದು ಮಾತು. ನಗೆ ಅನಿಲವೆಂದು ಮೂಸಲು ಹೋಗುವವರೂ ಇದ್ದಾರೆ. ಹೀಗೆ ಆಗಬಾರದೆಂದೇ ಅಮೆರಿಕದಲ್ಲಿ ಕಾರಿನ ಗ್ಯಾಸಿಗೆ ಗಂಧಕದ ಘಾಟು ಬೆರೆಸುತ್ತಾರೆ. ಪದೇ ಪದೇ ಮೂಸಿದರೆ ದೇಹದ ಬಿ-12 ಜೀವಸತ್ವ ಕೆಲಸಕ್ಕೆ ಬಾರದಂತಾಗಿ ನರಗಳು ಸೋಲುತ್ತವೆ. ಬ್ರಿಟನ್ನಿನಲ್ಲಿ 2023ರ ನವೆಂಬರಿನಿಂದ ಮೋಜಿಗಾಗಿ ಇದನ್ನು ಇಟ್ಟುಕೊಳ್ಳುವುದೇ ಅಪರಾಧ.

ಕಾನೂನು ಏನನ್ನುತ್ತೆ?

ಸಿಎನ್‌ಜಿ ಕಿಟ್ಟಿಗಾದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬಹುದು. ಬಲ ಹೆಚ್ಚಿಸಲು ತನಗೆ ತಾನೇ ನೈಟ್ರಸ್ ಕೂರಿಸಿಕೊಂಡರೆ ಅದು ಬೇರೆ ಮಾತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಎರಡೂ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಕಲಮಿನಂತೆ ಮೂರು ತಿಂಗಳವರೆಗೆ ಜೈಲಿಗೂ ದಾರಿ ಇದೆ. ಅಪಘಾತವಾದಾಗ ವಿಮಾ ಕಂಪನಿ ಡಿಕ್ಕಿಯ ಬಾಟಲಿ ನೋಡಿ ಕೈ ಝಾಡಿಸಿದರೆ ಆಶ್ಚರ್ಯವಿಲ್ಲ.

ಆಸೆ ಇದ್ದವರಿಗೆ ಜಾಗ ಇಲ್ಲವೆಂದಲ್ಲ. ಮಾನ್ಯತೆ ಪಡೆದ ಡ್ರ್ಯಾಗ್ ಸ್ಪರ್ಧೆಗಳಿವೆ. ಅಲ್ಲಿ ಮುಚ್ಚಿದ ಟ್ರ್ಯಾಕ್, ಹೆಲ್ಮೆಟ್, ಆಂಬುಲೆನ್ಸ್, ತಪಾಸಣೆ ಎಲ್ಲ ಇರುತ್ತದೆ. ಯಾವ ವರ್ಗದ ಕಾರಿಗೆ ಏನು ಹಾಕಬಹುದು ಎಂಬುದನ್ನು ಆಯಾ ಸ್ಪರ್ಧೆಯ ನಿಯಮ ಪುಸ್ತಕ ಹೇಳುತ್ತದೆ.

ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ತರಕಾರಿ ಗಾಡಿಗಳಿವೆ, ಶಾಲೆ ಬಿಟ್ಟು ಬರುವ ಮಕ್ಕಳಿದ್ದಾರೆ, ದನಗಳೂ ಇವೆ. ಅಲ್ಲಿ ಹತ್ತು ಸೆಕೆಂಡಿನ ಬಲ ಯಾರಿಗೆ ಬೇಕಾಗಿದೆ? ಮಗ ಕಾರಿಗೆ ‘ಸಣ್ಣ ಕಿಟ್’ ಅಂತ ದುಡ್ಡು ಕೇಳಿದರೆ ಅಪ್ಪಂದಿರು ಒಂದೇ ಪ್ರಶ್ನೆ ಹಾಕಲಿ: ಗ್ಯಾಸ್ ಹೆಚ್ಚಾದಾಗ ಪೆಟ್ರೋಲ್ ಕೊಡುವವರು ಯಾರಪ್ಪಾ? ಉತ್ತರ ತಡವರಿಸಿದರೆ ಗಲ್ಲಾಪೆಟ್ಟಿಗೆ ಮುಚ್ಚುವುದೇ ಕ್ಷೇಮ.