ಮುಕ್ಕಾಲು ಕಿಲೋ ಮೈಕು, 20 ಕಿಲೋ ಭಾರ

ನನ್ನ ಮೇಜಿನ ಎಡ ಮೂಲೆಯಲ್ಲಿ ಹಲಸಿನ ಬೀಜದಷ್ಟು ದೊಡ್ಡ ಚೂರೊಂದು ಕಿತ್ತುಹೋಗಿದೆ. ಕಥೆ ಓದಿ ರೆಕಾರ್ಡ್ ಮಾಡುವ ಹುಚ್ಚು ಹತ್ತಿದ ಹೊಸತರಲ್ಲಿ ಮೈಕಿನ ಉದ್ದ ತೋಳನ್ನು ಮೇಜಿನ ಅಂಚು ಕಚ್ಚುವ ಕ್ಲಾಂಪು ಹಾಕಿ ಅಲ್ಲೇ ಬಿಗಿದಿದ್ದೆ. ಮೂರನೆಯ ವಾರ, ಓದಿನ ನಡುವೆ, ಹಪ್ಪಳ ಮುರಿದ ಹಾಗೆ ಸದ್ದಾಯಿತು. ತೋಳು ಮೆಲ್ಲಗೆ ಬಾಗಿ ಮೈಕು ನನ್ನ ಕಾಫಿ ಲೋಟದ ಮೇಲೆ ತಲೆಯಿಟ್ಟಿತು. ರಿಪೇರಿಗೆ ಬಂದ ಆಚಾರ್ರು ಮುರಿದ ಜಾಗವನ್ನು ಉಗುರಿನಿಂದ ಕೆರೆದು ನೋಡಿ, “ಇದು ಮರ ಅಲ್ಲ ಸಾರ್, ಅಂಟು ಹಾಕಿ ಒತ್ತಿದ ಹೊಟ್ಟು. ಇದಕ್ಕೆ ಸನ್ನೆಕೋಲು ಹಾಕಿ ಮೀಟಿದ್ದೀರಲ್ಲ” ಅಂದರು. ಮೈಕಿನ ಬಗ್ಗೆ ತಿಂಗಳುಗಟ್ಟಲೆ ಓದಿದ್ದ ನನಗೆ ಮೇಜಿನ ಬಗ್ಗೆ ಒಂದು ಮಾತೂ ಗೊತ್ತಿರಲಿಲ್ಲ. ಆಮೇಲೆ ಗೆಳೆಯರ ಮನೆಗಳಲ್ಲಿ, ಚಿಕ್ಕ ಸ್ಟುಡಿಯೋಗಳಲ್ಲಿ ಗಮನಿಸಿದಾಗ ತಿಳಿಯಿತು, ಈ ವಿಷಯದಲ್ಲಿ ನಾನು ಒಂಟಿಯಲ್ಲ.

“ಮೈಕು ಒಂದು ಕಿಲೋನೂ ಇಲ್ಲ, ಯಾವ ಕ್ಲಾಂಪಾದರೂ ತಡೆಯುತ್ತೆ”

ಎಲ್ಲ ತಪ್ಪಿನ ತಾಯಿಬೇರು ಇದು. ಮೈಕಿನ ತೂಕ ಎಷ್ಟು ಎಂದು ಕೇಳುತ್ತೇವೆ, ಆ ತೂಕ ಮೇಜಿನಿಂದ ಎಷ್ಟು ದೂರದಲ್ಲಿ ತೂಗುತ್ತಿದೆ ಎಂದು ಕೇಳುವುದಿಲ್ಲ. ಹಳೆಯ ಏತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಲು ಉದ್ದವಾದಷ್ಟೂ ತುದಿಯ ಸಣ್ಣ ಭಾರಕ್ಕೆ ಬುಡದಲ್ಲಿ ದೊಡ್ಡ ಬಲ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಮನೆಯಲ್ಲಿ ಕೂತು ಮಾತಾಡುವವರ ಅಚ್ಚುಮೆಚ್ಚಿನ ಶೂರ್ ಎಸ್‌ಎಂ7ಬಿ ಮೈಕಿನ ತೂಕ ಸುಮಾರು 765 ಗ್ರಾಂ. ಅದನ್ನು 80 ಸೆಂಟಿಮೀಟರ್ ದೂರಕ್ಕೆ ಚಾಚಿದರೆ ಬುಡದ ಮೇಲೆ ತಿರುಚುವ ಬಲ ಸುಮಾರು 61 ಕಿಲೋ-ಸೆಂಟಿಮೀಟರ್. ತೋಳು ತಾನೇ ಒಂದು ಕಿಲೋ ಇದ್ದು, ಅದರ ತೂಕ ನಡುವೆ, ಅಂದರೆ 40 ಸೆಂಟಿಮೀಟರಿನಲ್ಲಿ ಕೂತಿದೆ ಎಂದುಕೊಳ್ಳಿ. ಅದರದ್ದು 40. ಒಟ್ಟು 100ರ ಆಸುಪಾಸು. ಇದನ್ನು ತಡೆಯಬೇಕಾದ ಕ್ಲಾಂಪಿನ ಬಾಯಿ ಮೇಜನ್ನು ಕಚ್ಚಿರುವುದು ಹೆಚ್ಚೆಂದರೆ 5 ಸೆಂಟಿಮೀಟರ್. 100ನ್ನು 5ರಿಂದ ಭಾಗಿಸಿ. ಮೇಲಿನ ದವಡೆ ಒಂದು ಕಡೆ 20 ಕಿಲೋ ಬಲದಿಂದ ಹಲಗೆಯನ್ನು ಅದುಮುತ್ತಿದೆ, ಕೆಳಗಿನ ತಿರುಪು ಇನ್ನೊಂದು ಕಡೆ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಮೇಲಕ್ಕೆ ಎತ್ತುತ್ತಿದೆ. ನೀವು ಬಿಗಿ ಮಾಡಿದ ಬಲ ಇದರಲ್ಲಿ ಸೇರಿಲ್ಲ. ಅಷ್ಟೂ ಭಾರ ಬೀಳುವುದು ತಿರುಪಿನ ತುದಿಯಲ್ಲಿರುವ, 10 ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಬಿಲ್ಲೆಯ ಮೇಲೆ.

ಹಾಗಾಗಿ ಅಂಗಡಿಯಲ್ಲಿ ಕ್ಲಾಂಪು ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಅದರ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದೊಂದನ್ನೇ ಅಲ್ಲ. ಮೇಜಿನೊಳಕ್ಕೆ ಎಷ್ಟು ಆಳ ಹೋಗಿ ಕಚ್ಚುತ್ತದೆ, ಅದನ್ನು ಮೊದಲು ನೋಡಿ. 5 ಸೆಂಟಿಮೀಟರಿನ ಬದಲು 8 ಸೆಂಟಿಮೀಟರ್ ಆಳ ಸಿಕ್ಕರೆ ಅದೇ 20 ಕಿಲೋ ಹನ್ನೆರಡೂವರೆಗೆ ಇಳಿಯುತ್ತದೆ. ತೆರೆಯುವ ಅಳತೆಯನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಆಳದ ಅಳತೆ ಬೇಕಾದರೆ ನೀವೇ ಟೇಪು ಹಿಡಿಯಬೇಕು.

“ಸ್ಪ್ರಿಂಗ್ ಇದೆಯಲ್ಲ, ಭಾರವನ್ನೆಲ್ಲ ಅದೇ ಹೊರುತ್ತೆ”

ಬುದ್ಧಿವಂತರೇ ಹೆಚ್ಚಾಗಿ ಬೀಳುವ ಗುಂಡಿ ಇದು. ಸ್ಪ್ರಿಂಗಿರುವ ತೋಳನ್ನು ಒಂದು ಬೆರಳಿನಲ್ಲಿ ಎಲ್ಲಿಗೆ ಸರಿಸಿದರೂ ಅಲ್ಲೇ ನಿಲ್ಲುತ್ತದೆ, ಕೈಗೆ ಭಾರವೇ ತಿಳಿಯುವುದಿಲ್ಲ. ಆದರೆ ಸ್ಪ್ರಿಂಗಿನ ಎರಡೂ ತುದಿ ತೋಳಿಗೇ ಸಿಕ್ಕಿಸಿರುವಂಥವು. ಅದು ತೋಳಿನ ಒಳಗಿನ ವ್ಯವಹಾರ. ಹೊತ್ತ ಭಾರ ಆವಿಯಾಗುವುದಿಲ್ಲ, ಮೇಲೆ ಹೇಳಿದ 100ರ ಲೆಕ್ಕದಲ್ಲಿ ಒಂದು ಗ್ರಾಮೂ ಕಡಿಮೆಯಾಗದೆ ಬುಡಕ್ಕೆ ಇಳಿಯುತ್ತದೆ. ಕೈ ಹಗುರವಾಯಿತು, ಮೇಜು ಹಗುರವಾಗಲಿಲ್ಲ.

ಈ ತೋಳಿನ ಮೂಲ ಮೈಕಿನ ಲೋಕದ್ದೇ ಅಲ್ಲ. ಇಂಗ್ಲೆಂಡಿನ ಬಾತ್ ಊರಿನ ಜಾರ್ಜ್ ಕಾರ್ವರ್ಡೀನ್ ಕಾರುಗಳ ಸಸ್ಪೆನ್ಷನ್ ಮಾಡುತ್ತಿದ್ದ ಎಂಜಿನಿಯರ್. ಸ್ಪ್ರಿಂಗುಗಳ ಜೊತೆಗೇ ಬದುಕಿದ ಮನುಷ್ಯ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತೋಳಿನ ಉಪಾಯವನ್ನು ಅವನು 1932ರ ಸುಮಾರಿಗೆ ಮೇಜಿನ ದೀಪಕ್ಕೆ ಅಳವಡಿಸಿದ. ಆಂಗಲ್‌ಪಾಯ್ಸ್ ಎಂಬ ಹೆಸರಿನ ದೀಪ ಅದು. ನಾರ್ವೆಯ ಯಾಕ್ ಯಾಕೊಬ್ಸನ್ 1937ರಲ್ಲಿ ಅದೇ ಜಾಡಿನಲ್ಲಿ ಲಕ್ಸೋ ದೀಪ ಮಾಡಿದ. ಪಿಕ್ಸಾರ್ ಚಿತ್ರಗಳ ಆರಂಭದಲ್ಲಿ ಕುಣಿಯುತ್ತಾ ಬರುವ ದೀಪಕ್ಕೆ ಮಾದರಿ ಅದೇ ಲಕ್ಸೋ. ದೀಪ ಇದ್ದಲ್ಲಿ ಮೈಕು ಬಂತು, ಉಪಾಯ ಅದೇ ಉಳಿಯಿತು.

ಅದರ ಜೊತೆಗೆ ಉಳಿದ ಇನ್ನೊಂದು ಗುಣವಿದೆ, ಅದನ್ನು ಅನೇಕರು ಗಮನಿಸುವುದಿಲ್ಲ. ಸ್ಪ್ರಿಂಗಿಗೆ ತೂಕದ ಮೇಲಿನ ಮಿತಿ ಇರುವ ಹಾಗೆ ಕೆಳಗಿನ ಮಿತಿಯೂ ಇರುತ್ತದೆ. ರೋಡ್ ಕಂಪನಿಯ ಹಳೆಯ ಪಿಎಸ್‌ಎ1 ತೋಳಿಗೆ ಹೇಳಿದ್ದ ತೂಕ 700 ಗ್ರಾಮಿನಿಂದ 1.1 ಕಿಲೋ. ವೇದಿಕೆಯ ಮೇಲೆ ಎಲ್ಲರ ಕೈಯಲ್ಲೂ ಕಾಣುವ ಶೂರ್ ಎಸ್‌ಎಂ58 ಬರೀ 298 ಗ್ರಾಂ. ಅಂಥ ತೋಳಿಗೆ ಇದನ್ನು ಸಿಕ್ಕಿಸಿದರೆ ಕೈಬಿಟ್ಟ ಕೂಡಲೇ ಮೈಕು ಸೂರಿನ ಕಡೆ ಮುಖ ಮಾಡುತ್ತದೆ. “ತೋಳು ಹಾಳಾಗಿದೆ” ಎಂದು ಅಂಗಡಿಗೆ ವಾಪಸ್ ಕೊಟ್ಟವರನ್ನು ನಾನು ಬಲ್ಲೆ. ತೋಳು ಸರಿಯಾಗಿಯೇ ಇತ್ತು, ತಕ್ಕಡಿಯ ಆಚೆಯ ತಟ್ಟೆಯಲ್ಲಿ ಬೊಟ್ಟು ಸಾಲದಾಗಿತ್ತು. ಹಗುರ ಮೈಕಿನವರು ಸ್ಪ್ರಿಂಗಿನ ಬಿಗಿತ ಹೊಂದಿಸಲು ಬರುವ ತೋಳು ಕೊಳ್ಳಬೇಕು, ಇಲ್ಲವೇ ಸ್ಪ್ರಿಂಗೇ ಇಲ್ಲದೆ ಕೀಲುಗಳ ಬಿಗಿಯಲ್ಲೇ ನಿಲ್ಲುವಂಥದ್ದನ್ನು.

“ದಪ್ಪ ಮೇಜು ಅಂದರೆ ಗಟ್ಟಿ ಮೇಜು, ಬಿಗಿ ಹೆಚ್ಚಾದಷ್ಟೂ ಒಳ್ಳೆಯದು”

ಬೆರಳಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟಿ ನೋಡಿ. ಈಗ ಬರುವ ಕೆಲವು ಹಗುರ ಮೇಜುಗಳ ಹಲಗೆ ನೋಡಲು ಒಂದೂವರೆ ಇಂಚು ದಪ್ಪ, ಒಳಗೆ ಜೇನುಗೂಡಿನಂತೆ ಮಡಿಸಿದ ರಟ್ಟು. ಪಾರ್ಟಿಕಲ್ ಬೋರ್ಡ್ ಇದಕ್ಕಿಂತ ಮೇಲು, ಆದರೆ ಅದರ ಗಟ್ಟಿತನವೆಲ್ಲ ಮೇಲಿನ ಮತ್ತು ಕೆಳಗಿನ ಪದರದಲ್ಲಿದೆ. ನಡುವಿನದು ಒರಟು ಮರದ ಚಕ್ಕೆಗಳ ಅಂಟುಂಡೆ. ಮೂಲೆಯ ಹತ್ತಿರ ಮೀಟಿದರೆ ಪದರ ಬಿಡುತ್ತದೆ, ಒದ್ದೆ ಸೋಕಿದ್ದರೆ ಇನ್ನೂ ಬೇಗ. 18 ಎಂಎಂ ಪ್ಲೈವುಡ್ ನೋಡಲು ಇವೆರಡಕ್ಕಿಂತ ತೆಳ್ಳಗಿರಬಹುದು, ಆದರೆ ಪದರಗಳ ನಾರು ಅಡ್ಡ-ಉದ್ದ ಹೆಣೆದುಕೊಂಡಿರುವುದರಿಂದ ಕ್ಲಾಂಪಿಗೆ ಅದೇ ನಂಬಿಕಸ್ಥ. ಗಾಜಿನ ಮೇಜಿನ ಅಂಚಿಗೆ ಮಾತ್ರ ಕ್ಲಾಂಪು ಹಾಕಲೇಬೇಡಿ. ಟಫನ್ಡ್ ಗಾಜು ನಡುಮೈಗೆ ಬಿದ್ದ ಪೆಟ್ಟು ತಡೆದೀತು, ಅಂಚಿನ ಒಂದು ಬಿಂದುವಿನ ಒತ್ತಡಕ್ಕೆ ಇಡೀ ಹಲಗೆ ಸಾಸಿವೆ ಚೆಲ್ಲಿದಂತೆ ಉದುರಬಹುದು.

ಇನ್ನು ಬಿಗಿ. ತಿರುಪಿಗೆ ಇಕ್ಕಳ ಹಾಕಿ ತಿರುಗಿಸುವವರಿದ್ದಾರೆ. ಮೆತ್ತನೆಯ ಹಲಗೆಯಲ್ಲಿ ಹೀಗೆ ಮಾಡಿದರೆ ಬಿಲ್ಲೆ ಒಳಕ್ಕಿಳಿಯುತ್ತದೆ. ನಾಲ್ಕು ದಿನದಲ್ಲಿ ಹಲಗೆ ಇನ್ನಷ್ಟು ಕುಗ್ಗಿ ಕ್ಲಾಂಪು ಸಡಿಲವಾಗುತ್ತದೆ, ನಾವು ಮತ್ತೆ ಬಿಗಿಯುತ್ತೇವೆ, ಅದು ಮತ್ತೆ ಇಳಿಯುತ್ತದೆ. ನನ್ನ ಮೂಲೆ ಕಿತ್ತುಬಂದದ್ದು ಸರಿಯಾಗಿ ಹೀಗೇ. ಬೇಕಾದದ್ದು ಬಲವಲ್ಲ, ಹರವು. ಅಂಗೈ ಅಗಲದ ಪ್ಲೈವುಡ್ ತುಂಡೊಂದನ್ನು ಕೆಳಗೆ, ಸಾಧ್ಯವಾದರೆ ಇನ್ನೊಂದನ್ನು ಮೇಲೆ ಇಟ್ಟು ಅವುಗಳ ನಡುವೆ ಮೇಜನ್ನು ಹಿಡಿದರೆ ಅದೇ ಭಾರ ಹತ್ತು ಪಟ್ಟು ಜಾಗಕ್ಕೆ ಹರಡುತ್ತದೆ. ಕೈಬಿಗಿಯೇ ಸಾಕಾಗುತ್ತದೆ. ಮೂಲೆಯಿಂದ ಒಂದು ಗೇಣು ಒಳಕ್ಕೆ ಸರಿದು ಹಾಕಿ.

ಮೇಜು ಸ್ವಂತದ್ದಾಗಿದ್ದು ತೂತು ಕೊರೆಯಲು ಮನಸ್ಸು ಒಪ್ಪಿದರೆ ಇನ್ನೂ ಒಳ್ಳೆಯ ದಾರಿ ಇದೆ. ಹಲಗೆಯ ಮೂಲಕ ಬೋಲ್ಟು ಇಳಿಸಿ ಕೆಳಗಿನಿಂದ ತಟ್ಟೆ, ನಟ್ಟು ಹಾಕಿ ಬಿಗಿಯುವುದು. ಅಂಚಿನ ರಗಳೆಯೇ ಇಲ್ಲ. ಬಾಡಿಗೆ ಮನೆಯವರಿಗೆ, ಬೇರೆಯವರ ಮೇಜಿನಲ್ಲಿ ಕೂರುವವರಿಗೆ ಕ್ಲಾಂಪೇ ಗತಿ.

ಅಜ್ಜನ ಕಾಲದ ಸಾಗುವಾನಿ ಮೇಜಿದ್ದರೆ ಅದೃಷ್ಟವಂತರು ಎಂದುಕೊಳ್ಳಬೇಡಿ. ಅದರ ಅಂಚು ಗುಂಡಗೆ, ಕೆಳಗೆ ಎರಡು ಬೆರಳು ದೂರದಲ್ಲೇ ಅಡ್ಡಪಟ್ಟಿ. ಕ್ಲಾಂಪಿನ ತಿರುಪಿಗೆ ಕಾಲೂರಲು ಜಾಗವೇ ಇರುವುದಿಲ್ಲ. ಕೊಳ್ಳುವ ಮೊದಲು ಬಗ್ಗಿ ಮೇಜಿನ ಕೆಳಗೆ ನೋಡುವುದು ಈ ವ್ಯಾಪಾರದ ಅತ್ಯಂತ ಅಗ್ಗದ ಹೆಜ್ಜೆ.

“ಕ್ಲಾಂಪು ಹಾಕಿದರೆ ಕೀಬೋರ್ಡಿನ ಕಟಕಟ ಹೋಗುತ್ತೆ”

ಶಾಲೆಯಲ್ಲಿ ಬೆಂಚಿಗೆ ಕಿವಿ ಅಂಟಿಸಿ, ಆ ತುದಿಯಲ್ಲಿ ಗೆಳೆಯ ಉಗುರಿನಿಂದ ಕೆರೆಯುವುದನ್ನು ಕೇಳಿದ್ದು ನೆನಪಿದೆಯೇ? ಗಾಳಿಯಲ್ಲಿ ಕೇಳದ ಸದ್ದು ಮರದಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮರದ ನಾರಿನ ಉದ್ದಕ್ಕೆ ಅದು ಸುಮಾರು ಹತ್ತು ಪಟ್ಟು, ಅದೂ ಹೆಚ್ಚು ಸೊರಗದೆ. ಕ್ಲಾಂಪು ಹಾಕುವುದೆಂದರೆ ಮೈಕಿನ ಕಿವಿಯನ್ನು ಬೆಂಚಿಗೆ ಅಂಟಿಸಿದ ಹಾಗೆ. ತಗಡಿನ ಆಫೀಸು ಮೇಜಾದರೆ ಕೇಳುವುದೇ ಬೇಡ, ಕೈಯೂರಿದರೂ ತಮಟೆ.

ಈ ದಾರಿ ಮುರಿಯುವುದು ಶಾಕ್ ಮೌಂಟ್‌ನ ಕೆಲಸ. ರಬ್ಬರ್ ಹುರಿಗಳ ಮೇಲೆ ಮೈಕನ್ನು ತೊಟ್ಟಿಲಿನಂತೆ ತೂಗುಹಾಕುವ ಚೌಕಟ್ಟು ಅದು. ಅದರ ತೂಕವೂ ತೋಳಿನ ಲೆಕ್ಕಕ್ಕೆ ಸೇರಬೇಕು. ಕೀಬೋರ್ಡಿನ ಕೆಳಗೆ ದಪ್ಪ ಫೋಮ್ ಹಾಳೆ ಹಾಕಿದರೆ ಅರ್ಧ ಕಾಟ ಹುಟ್ಟುವಲ್ಲೇ ಸಾಯುತ್ತದೆ. ಮೇಜಿಗೆ ಕೈ ತಗುಲಿದಾಗಲೆಲ್ಲ ತೋಳಿನ ಬಯಲು ಸ್ಪ್ರಿಂಗು ‘ಟಿಂಯ್’ ಎನ್ನುತ್ತಿದ್ದರೆ ಅದರೊಳಗೆ ಹತ್ತಿಬಟ್ಟೆಯ ಬತ್ತಿ ತುರುಕಿ. ಇದು ನನ್ನ ಸ್ವಂತ ಸಂಶೋಧನೆ ಎಂದು ಬಹಳ ದಿನ ಬೀಗುತ್ತಿದ್ದೆ, ಆಮೇಲೆ ನೋಡಿದರೆ ಎಲ್ಲರೂ ಮಾಡುತ್ತಾರೆ. ಕೇಬಲ್ಲನ್ನು ಮೈಕಿನ ಹತ್ತಿರ ಒಂದು ಸುತ್ತು ಸಡಿಲ ಬಿಡಿ. ಬಿಗಿದ ಕೇಬಲ್ಲು ಶಾಕ್ ಮೌಂಟನ್ನು ದಾಟಿಸುವ ಇನ್ನೊಂದು ಸೇತುವೆ. ಫ್ಯಾನಿನ ಸದ್ದು ಬರುವುದು ಗಾಳಿಯಲ್ಲಿ, ಅದಕ್ಕೆ ಇವು ಯಾವುವೂ ಮದ್ದಲ್ಲ.

“ಮೈಕು ಒಳ್ಳೆಯದಿದ್ದರೆ ಎಲ್ಲಿಟ್ಟರೂ ಸರಿ”

ಹಾಗಾದರೆ ಇಷ್ಟೆಲ್ಲ ರಗಳೆ ಯಾಕೆ, ಮೇಜಿನ ಮೇಲೇ ಒಂದು ಪುಟ್ಟ ಸ್ಟ್ಯಾಂಡಿನಲ್ಲಿ ಇಡಬಾರದೇ ಎನ್ನಬಹುದು. ಇಡಬಹುದು. ಆದರೆ ಆಗ ಬಾಯಿಗೂ ಮೈಕಿಗೂ ಸುಲಭವಾಗಿ 60 ಸೆಂಟಿಮೀಟರ್ ಆಗುತ್ತದೆ. ಈ ದೂರ ಅರ್ಧಕ್ಕಿಳಿದ ಪ್ರತಿ ಸಲವೂ ನಿಮ್ಮ ಧ್ವನಿ 6 ಡೆಸಿಬಲ್ ಏರುತ್ತದೆ, ಕೋಣೆಯ ಮಾರ್ದನಿ ಇದ್ದಲ್ಲೇ ಇರುತ್ತದೆ. 60ರಿಂದ 15ಕ್ಕೆ, ಅಂದರೆ ಒಂದು ಚೋಟಿಗೆ ತಂದರೆ 12 ಡೆಸಿಬಲ್ ಲಾಭ. ಇನ್ನೂ ದುಬಾರಿ ಮೈಕು ಕೊಂಡರೂ ಇಷ್ಟು ಸಿಗದು. ತೋಳಿರುವುದು ಇದಕ್ಕೇ.

ಒಂದು ಚೋಟಿನಲ್ಲಿ ಹೊಸ ತೊಂದರೆ ಹುಟ್ಟುತ್ತದೆ, ಕನ್ನಡ ಓದುವವರಿಗೆ ಇದು ತುಸು ಹೆಚ್ಚೇ. ‘ಪ್ರಿಯ’, ‘ಭೂಮಿ’, ‘ಫಲ’ ಎಂದಾಗ ತುಟಿಯಿಂದ ಗಾಳಿ ಸಿಡಿದು ಮೈಕಿಗೆ ಗುದ್ದುತ್ತದೆ. ಮಹಾಪ್ರಾಣವನ್ನು ಶ್ರದ್ಧೆಯಿಂದ ಉಚ್ಚರಿಸಿದಷ್ಟೂ ಗುದ್ದು ಜೋರು. ಮೈಕನ್ನು ಬಾಯಿಗೆ ನೇರ ಇಡದೆ ಕೆನ್ನೆಯ ಪಕ್ಕದಿಂದ ಓರೆಯಾಗಿ ತುಟಿಯತ್ತ ತಿರುಗಿಸಿದರೆ ಗಾಳಿ ಮುಂದಕ್ಕೆ ಹೋಗುತ್ತದೆ, ಧ್ವನಿ ಮೈಕಿಗೆ ಬರುತ್ತದೆ. ಇದಕ್ಕಾಗಿ ಕ್ಲಾಂಪನ್ನು ಎದುರಿಗಿಂತ ಪಕ್ಕದ ಅಂಚಿಗೆ ಹಾಕುವುದು ಅನುಕೂಲ, ಓದುವ ಹಾಳೆಗೂ ಅಡ್ಡ ಬರುವುದಿಲ್ಲ.

ಬೇಕಾದಂತೆ ಬಾಗುವ ಗೂಸ್‌ನೆಕ್ ಕೊಳವೆ ಸಾಲದೇ ಎಂದು ಕೇಳುವವರಿಗೆ ಒಂದೇ ಮಾತು: ಸಭಾಂಗಣದ ಮೇಜುಗಳಲ್ಲಿ ಅದರ ತುದಿಯಲ್ಲಿರುವುದು ಕೆಲವೇ ಗ್ರಾಮಿನ ಮೈಕು. ಮುಕ್ಕಾಲು ಕಿಲೋ ಸಿಕ್ಕಿಸಿದರೆ ಮಾತಿನ ನಡುವೆಯೇ ತಲೆತಗ್ಗಿಸುತ್ತದೆ.

“ತಿರುಪು ಎಲ್ಲದಕ್ಕೂ ಒಂದೇ”

ಮೈಕನ್ನು ತೋಳಿಗೆ ಕೂರಿಸುವ ತಿರುಪಿನಲ್ಲಿ ಮೂರು ಅಳತೆಗಳಿವೆ. ಮೈಕು ಸ್ಟ್ಯಾಂಡಿನ ಅಮೆರಿಕನ್ ಅಳತೆ 5/8 ಇಂಚು, ಇಂಚಿಗೆ 27 ಥ್ರೆಡ್. ಯುರೋಪಿನ ಕಡೆಯದು 3/8 ಇಂಚು, 16 ಥ್ರೆಡ್. ಕ್ಯಾಮೆರಾದ್ದು 1/4 ಇಂಚು, 20 ಥ್ರೆಡ್. ಫೋನು ಹಿಡಿಯುವ ಕ್ಲಾಂಪಿಗೆ ಮೈಕು ಸಿಕ್ಕಿಸಲು ಹೊರಟವರಿಗೆ ಎದುರಾಗುವುದು ಈ ಮೂರನೆಯದು. ಕೂರದಿದ್ದರೆ ಒತ್ತಿ ತಿರುಗಿಸಬೇಡಿ, ಮೈಕಿನ ಕಡೆಯ ಮೆತ್ತನೆಯ ಹಿತ್ತಾಳೆ ಥ್ರೆಡ್ ಸವೆದರೆ ಕ್ಲಾಂಪಿಗಿಂತ ದುಬಾರಿ ವಸ್ತು ಕೆಟ್ಟಂತೆ. ಮಧ್ಯೆ ಹಾಕುವ ಅಡಾಪ್ಟರ್ ಬಳೆ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅನೇಕ ಮೈಕುಗಳ ಹೋಲ್ಡರಿನೊಳಗೆ ಅದು ಮೊದಲೇ ಕೂತಿರುತ್ತದೆ, ನಾವು ಅದನ್ನು ಹೋಲ್ಡರಿನದ್ದೇ ಭಾಗ ಅಂದುಕೊಂಡಿರುತ್ತೇವೆ. ಒಳಗೆ ಬೆಳಕು ಬಿಟ್ಟು ನೋಡಿ, ಬಳೆಯ ಅಂಚಿನಲ್ಲಿ ಒಂದು ಸೀಳು ಕಾಣುತ್ತದೆ. ಒಂದು ರೂಪಾಯಿ ನಾಣ್ಯ ಆ ಸೀಳಿಗಿಟ್ಟು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ.